ಮಾಳಿಗೆಯ ಪದಕ್ಕೆ ಎರಡು ಧಾಟಿ

ನಮ್ಮ ಅಜ್ಜನಿಗೆ ಸಿ. ಅಶ್ವಥ್ ಅಂದರೆ ಸಿಟ್ಟು. ನನಗೆ ಅಶ್ವಥ್ ಅಂದರೆ ಪ್ರಾಣ. ಒಂದೇ ಮನೆಯಲ್ಲಿ, ಒಂದೇ ಟೇಪ್ ರೆಕಾರ್ಡರಿನ ಎದುರು, ನಾವಿಬ್ಬರೂ ಈ ವಿಷಯಕ್ಕೆ ಎಷ್ಟು ಜಗಳಾಡಿದ್ದೇವೆ ಅಂದರೆ ಅವ್ವ ಬಂದು ಪ್ಲಗ್ ಕಿತ್ತು ಹೋದದ್ದೂ ಉಂಟು.

ನಮ್ಮೂರು ಕುಂದಗೋಳ ತಾಲೂಕು. ಹುಬ್ಬಳ್ಳಿಯಿಂದ ಬೆಂಗಳೂರು ಕಡೆ ರೈಲಿನಲ್ಲಿ ಹೊರಟರೆ ಕುಂದಗೋಳ, ಗುಡಗೇರಿ ಅಂತ ಸ್ಟೇಷನ್ ಬರ್ತಾವಲ್ಲ, ನೀವು ಇನ್ನೂ ಬ್ಯಾಗು ಸರಿಮಾಡಿಕೊಳ್ಳುವ ಹೊತ್ತಿಗೇ ದಾಟಿ ಹೋಗುವಂಥವು, ಆ ಸೀಮೆ. ಸವಾಯಿ ಗಂಧರ್ವರ ಊರು ಅದೇ ಕುಂದಗೋಳ. ಭೀಮಸೇನ ಜೋಶಿ ಅಲ್ಲಿ ಇದ್ದು ಕಲಿತರು, ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬಂದು ಕಲಿತರು. ಇದು ಎಲ್ಲರಿಗೂ ಗೊತ್ತು. ಅದೇ ತಾಲೂಕಿನ ಇನ್ನೊಂದು ಊರು ಕಳಸ. ಅಲ್ಲಿಯ ಗೋವಿಂದ ಭಟ್ಟರ ಶಿಷ್ಯನೇ ಶಿಶುನಾಳ ಶರೀಫ. ಶಿಶುನಾಳ ಈಗ ಹಾವೇರಿ ಜಿಲ್ಲೆ, ಶಿಗ್ಗಾಂವಿ ತಾಲೂಕು. 1997ರ ತನಕ ನಮ್ಮದೇ ಧಾರವಾಡ ಜಿಲ್ಲೆ. ಜಿಲ್ಲೆ ಒಡೆದರೂ ನಮ್ಮೂರಿನವರಿಗೆ ಶರೀಫರು ಇನ್ನೂ 'ಶರೀಫಜ್ಜ'ನೇ. ಮನೆಯ ಹಿರಿಯನನ್ನು ಕರೆದ ಹಾಗೆ.

ಶ್ರಾವಣ ಬಂದರೆ ಹನುಮಪ್ಪನ ಗುಡಿಯಲ್ಲಿ ಒಂದು ತಿಂಗಳು ಭಜನೆ. ಪೇಟಿ (ಹಾರ್ಮೋನಿಯಮ್ಮಿಗೆ ನಮ್ಮಲ್ಲಿ ಹೀಗೇ ಅನ್ನೋದು), ಡಗ್ಗಾ-ತಬಲಾ, ದಮಡಿ, ನಾಲ್ಕು ಜೋಡಿ ತಾಳ. ಮುಂದೆ ಕೂತು ಪದ ಎತ್ತೋದು ನಮ್ಮ ಅಜ್ಜ. ಅವನಿಗೆ ಸಂಗೀತ ಗೊತ್ತಿರಲಿಲ್ಲ. 'ನಂದು ಸಂಗೀತ ಅಲ್ಲೋ, ಪದ' ಅಂತಿದ್ದ. ವ್ಯತ್ಯಾಸ ಏನು ಅಂತ ಆಗ ನನಗೆ ತಿಳಿದಿರಲಿಲ್ಲ.

ಅಜ್ಜನ ಮೇಳದಲ್ಲಿ ಸೋರುವ ಮಾಳಿಗೆಯ ಪದ ಒಂದೇ ಅರ್ಧ ತಾಸು ಹಿಡೀತಿತ್ತು. ಅಜ್ಜ ಒಂದು ಸಾಲು ಎತ್ತೋದು, ಮೇಳದವರು ಎರಡು ಸಲ ತಿರುಗಿ ಹೇಳೋದು. ನಡುವೆ ತಾಳ ನಿಲ್ಲಿಸಿ ಅಜ್ಜ ಅರ್ಥ ಬಿಡಿಸುತ್ತಿದ್ದ. ಎಷ್ಟೋ ಸಲ ಅದು ಅರ್ಥ ಹೇಳೋದಕ್ಕಿಂತ ಎದುರು ಕೂತವರ ಕಾಲೆಳೆಯೋದೇ ಆಗಿರುತ್ತಿತ್ತು. 'ಮಾಳಿಗಿ ಅಂದ್ರ ಯಾವುದು? ನಿಂದ ಮೈ. ಸೋರೋದು ಯಾವುದು? ಅದನ್ನ ಹೊಳ್ಳಿ ನಿನ್ನ ಕೇಳ್ಕೋ.' ಜನ ನಗ್ತಿದ್ದರು. ಮತ್ತೆ ತಾಳ.

ಇಲ್ಲಿ ಬೆಂಗಳೂರಿನ ಗೆಳೆಯರಿಗೆ ಒಂದು ಮಾತು ಹೇಳಬೇಕು. ಮಾಳಿಗೆ ಅಂದರೆ ನಿಮಗೆ ಮಹಡಿ, ಫಸ್ಟ್ ಫ್ಲೋರು. ನಮಗೆ ಹಾಗಲ್ಲ. ಮಣ್ಣಿನ ಚಪ್ಪಟೆ ಛಾವಣಿ. ಕಟ್ಟಿಗೆ ತೊಲೆ, ಅದರ ಮೇಲೆ ಹಲಗೆ, ಅದರ ಮೇಲೆ ಒಂದು ಮೊಣಕೈ ಮಣ್ಣು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ತಂದು ಹಾಕಿ ಗಟ್ಟಿ ಮಾಡಬೇಕು. ಒಂದು ವರ್ಷ ಮೈಗಳ್ಳತನ ಮಾಡಿದಿರೋ, ಜುಲೈನಲ್ಲಿ ಮಲಗಿದವನ ಹಣೆಗೆ ಹನಿ. ರಾತ್ರಿ ಎದ್ದು ಒಂದೊಂದೇ ಪಾತ್ರೆ ಇಡಬೇಕು. ನಾನು ಇಟ್ಟಿದ್ದೇನೆ. ಅಜ್ಜನ ಧಾಟಿ ನನಗೆ ನೆನಪಿರೋದು ಆ ಪಾತ್ರೆಗೆ ಬೀಳುವ ಹನಿಯ ಹಾಗೆ: ನಿಧಾನ, ಒಂದೇ ಕಡೆ, ಬಿಟ್ಟು ಬಿಟ್ಟು. ಹಾಗಿತ್ತು ಅನ್ನೋದು ನೆನಪಿದೆ. ಧಾಟಿ ನೆನಪಿಲ್ಲ. ಈ ಬರಹದ ತೊಂದರೆಯೇ ಅದು.

ಶರೀಫರು ಹುಟ್ಟಿದ್ದು 1819, ತೀರಿಕೊಂಡದ್ದು 1889. ಕೆಲವು ದಿನ ಶಾಲೆ ಮಾಸ್ತರಿಕೆ ಮಾಡಿ ಬಿಟ್ಟರು. ಆಮೇಲೆ ಗೋವಿಂದ ಭಟ್ಟರ ಹಿಂದೆ ಊರೂರು. ಅವರ ಪದಗಳನ್ನು ಜನ ಬಾಯಿಂದ ಬಾಯಿಗೆ ಉಳಿಸಿಕೊಂಡರು, ಆಮೇಲೆ ಅಚ್ಚಿಗೆ ಬಂದವು. ಅಚ್ಚಿಗೆ ಬಂದದ್ದು ಮಾತು ಮಾತ್ರ. ಪದದ ತಲೆಯ ಮೇಲೆ ರಾಗ, ತಾಳ ಅಂತ ಬರೆದಿದ್ದರೂ ಅದನ್ನು ನೋಡಿ ಯಾರಿಗೂ ಹಾಡಲು ಬರುವುದಿಲ್ಲ. ಕಾಮೆಂಟು ಇದೆ, ಕೋಡು ಇಲ್ಲ ಅಂದ ಹಾಗೆ. ಧಾಟಿ ಇದ್ದದ್ದು ನಮ್ಮ ಅಜ್ಜನಂಥವರ ಗಂಟಲಿನಲ್ಲಿ. ಅಜ್ಜನಿಗೆ ಪದ ಕಲಿಸಿದವರ ಅಪ್ಪ ಶರೀಫಜ್ಜನನ್ನು ಕಣ್ಣಾರೆ ನೋಡಿದ್ದರಂತೆ. ಊರಿನ ಮಾತು. ಲೆಕ್ಕ ಹಾಕಿದರೆ ಆಗದ ಮಾತೇನಲ್ಲ, ಮೂರೇ ತಲೆಮಾರು.

ಈ ಪದಗಳು ಅಶ್ವಥ್ ಕೈಗೆ ಹೋದ ಕಥೆ ಬೇರೆಯೇ ಒಂದು ಲೋಕದ್ದು. ಅವರು ಹಾಸನ ಜಿಲ್ಲೆ ಚನ್ನರಾಯಪಟ್ಟಣದಲ್ಲಿ 1939ರ ಡಿಸೆಂಬರ್ 29ಕ್ಕೆ ಹುಟ್ಟಿದವರು. ಓದಿದ್ದು ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಬಿಎಸ್ಸಿ. ಕೆಲಸ ಐಟಿಐಯಲ್ಲಿ, ಟೆಲಿಫೋನ್ ಕಾರ್ಖಾನೆ, ಅದೂ 27 ವರ್ಷ! ಹಿಂದೂಸ್ತಾನಿ ಸಂಗೀತ ಕಲಿತದ್ದು ದೇವಗಿರಿ ಶಂಕರ ಜೋಶಿಯವರಲ್ಲಿ. ನಾವು ಸ್ಟ್ಯಾಂಡಪ್ ಮೀಟಿಂಗ್ ಮುಗಿಸಿ ಬಂದು 'ಟೈಮೇ ಸಿಗಲ್ಲ ಗುರೂ' ಅಂತೀವಲ್ಲ, ಈ ಮನುಷ್ಯ ಕಾರ್ಖಾನೆಯ ಕೆಲಸ ಮಾಡಿಕೊಂಡೇ ಕನ್ನಡದ ಸುಗಮ ಸಂಗೀತದ ದಿಕ್ಕು ಬದಲಿಸಿದರು. ಅವರ ಜೊತೆ ಹಾಡಿದ ಶಿವಮೊಗ್ಗ ಸುಬ್ಬಣ್ಣ ವಕೀಲರು. ಶರೀಫರ ಪದಗಳನ್ನು ಬೆಂಗಳೂರಿನವರ ಮುಂದಿಟ್ಟ ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಕನ್ನಡ ಮೇಷ್ಟ್ರು. ಅವರಿಗೆ 'ಶರೀಫ ಭಟ್ಟರು' ಅಂತಲೇ ಹೆಸರು ಬಿತ್ತು. ಎಲ್ಲರೂ ಹಗಲು ಬೇರೆ ಕೆಲಸ ಇದ್ದವರೇ ನೋಡಿ.

ಸಿನಿಮಾದಲ್ಲಿ ಅಶ್ವಥ್ ಸ್ವತಂತ್ರವಾಗಿ ಸಂಗೀತ ಕೊಟ್ಟ ಮೊದಲ ಚಿತ್ರ 1977ರ 'ಕಾಕನಕೋಟೆ'. ಆಮೇಲೆ ಎಲ್. ವೈದ್ಯನಾಥನ್ ಜೊತೆ ಸೇರಿ 'ಅಶ್ವಥ್–ವೈದಿ' ಅನ್ನುವ ಹೆಸರಿನಲ್ಲಿ ಕೆಲವು ಚಿತ್ರ. ಶರೀಫರ ಪದಗಳು ಕ್ಯಾಸೆಟ್ಟಿನಲ್ಲಿ ಊರೂರು ಮುಟ್ಟಿದವು. 1990ರಲ್ಲಿ ಟಿ.ಎಸ್. ನಾಗಾಭರಣ 'ಸಂತ ಶಿಶುನಾಳ ಶರೀಫ' ತೆಗೆದರು. ಶರೀಫರಾಗಿ ಶ್ರೀಧರ್, ಗೋವಿಂದ ಭಟ್ಟರಾಗಿ ಧಾರವಾಡದ ಗಿರೀಶ ಕಾರ್ನಾಡರು. ರಾಷ್ಟ್ರೀಯ ಭಾವೈಕ್ಯಕ್ಕೆ ಕೊಡುವ ನರ್ಗಿಸ್ ದತ್ ಪ್ರಶಸ್ತಿ ಬಂತು. ಎರಡು ವರ್ಷಕ್ಕೆ ಅದೇ ಜೋಡಿ ಕೆ.ಎಸ್. ನರಸಿಂಹಸ್ವಾಮಿಯವರ ಕವಿತೆ ಹಿಡಿದು 'ಮೈಸೂರು ಮಲ್ಲಿಗೆ' ಮಾಡಿತು.

ನಾನು ಶರೀಫ ಸಿನಿಮಾ ನೋಡಿದ್ದು ಥಿಯೇಟರಿನಲ್ಲಲ್ಲ, ಪಂಚಾಯತಿ ಟಿವಿಯಲ್ಲಿ. ಇಡೀ ಊರು ಕೂತಿತ್ತು. ಶ್ರೀಧರ್ ಕುಣಿಯೋದು ನೋಡಿ ಅಜ್ಜ ಜೋರಾಗೇ ಕೇಳಿದ: 'ಶರೀಫಜ್ಜ ಹಿಂಗ ಕುಣೀತಿದ್ನೇನು?' ಯಾರೋ ಸುಮ್ಮನಿರಿಸಿದರು. ಹಾಡು ಬಂದಾಗೊಮ್ಮೆ ಅವನು ತಲೆ ಅಲ್ಲಾಡಿಸುತ್ತಿದ್ದ. ಮೆಚ್ಚುಗೆಗೆ ಅಲ್ಲ, ಇಲ್ಲ ಇಲ್ಲ ಅನ್ನುವ ಹಾಗೆ. ಕಡೆಗೆ ನೋಡಿದರೆ ಹೆಗಲ ಮೇಲಿನ ವಸ್ತ್ರದಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಾನೆ. 'ಯಾಕ ಅಳಾಕತ್ತಿ ಅಜ್ಜಾ?' ಅಂದರೆ ಕಣ್ಣಿಗೆ ಧೂಳು ಹೋಯ್ತಂತೆ.

ನನಗೋ ಅವತ್ತೇ ಹುಚ್ಚು ಹಿಡಿಯಿತು. ಅಪ್ಪ ಹುಬ್ಬಳ್ಳಿಗೆ ಹೋದಾಗ ದುರ್ಗದಬೈಲಿನಿಂದ ಕ್ಯಾಸೆಟ್ ತಂದುಕೊಟ್ಟ. ಟೇಪು ಸವೆಯುವ ತನಕ ಕೇಳಿದೆ. ಅಶ್ವಥ್ ಗಂಟಲು ಇದೆಯಲ್ಲ, ಅದು ತಾರಕಕ್ಕೆ ಹೋದಾಗ ಎದೆಯಲ್ಲಿ ಏನೋ ಕಿತ್ತು ಬಂದ ಹಾಗೆ ಆಗ್ತದೆ. ಅವರು ಮಾತನ್ನು ನುಂಗುವುದಿಲ್ಲ. ಎಷ್ಟೇ ಮೇಲೆ ಹೋದರೂ ಒಂದೊಂದು ಅಕ್ಷರ ಕೇಳ್ತದೆ. ಕವಿತೆಗೆ ಧಾಟಿ ಹಾಕೋದು ಅಂದರೆ ಅದರ ಅರ್ಥವನ್ನೇ ಜೋರಾಗಿ ಓದೋದು ಅನ್ನುವ ನಂಬಿಕೆ ಅವರದು, ನನಗನ್ನಿಸುವ ಮಟ್ಟಿಗೆ. ಬಿಇ ಓದುವಾಗ ವಿದ್ಯಾನಗರದ ರೂಮಿನಲ್ಲಿ, ಬ್ಯಾಕ್ ಉಳಿದ ಸೆಮಿಸ್ಟರಿನ ರಾತ್ರಿಗಳಲ್ಲಿ, ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಗಂಟಲು.

ಅಜ್ಜನ ತಕರಾರು ಏನು? ಎರಡು. 'ಹಾಡು ಛಲೋ ಐತಿ, ಆದ್ರ ನಿಂದರಂಗಿಲ್ಲ' ಅನ್ನೋದು ಮೊದಲನೆಯದು. ಅಂದರೆ ಅರ್ಥ ಹೇಳಲು ಜಾಗವೇ ಇಲ್ಲ. ಇದನ್ನು ನಾನು ಆಮೇಲೆ ಯೋಚಿಸಿದೆ. ಅರವತ್ತು ನಿಮಿಷದ ಕ್ಯಾಸೆಟ್ಟು, ಒಂದು ಬದಿಗೆ ಮೂವತ್ತು. ಅಜ್ಜನ ಪ್ರಕಾರ ಹಾಡಿದರೆ ಒಂದು ಬದಿಗೆ ಒಂದೇ ಪದ. ಹೀಗಾಗಿ ಯಂತ್ರವೇ ಪದವನ್ನು ನಾಲ್ಕೈದು ನಿಮಿಷಕ್ಕೆ ತಂದು ನಿಲ್ಲಿಸಿತು. ಮಾತಾಡುತ್ತಾ ಹಾಡುವುದು ಹೋಗಿ, ಮೊದಲಿಂದ ಕೊನೆಯವರೆಗೆ ಕಟ್ಟಿದ ಹಾಡಾಯಿತು. ಪದ ಮತ್ತು ಸಂಗೀತ ಬೇರೆ ಅಂತ ಅಜ್ಜ ಹೇಳ್ತಿದ್ದುದು ಇದನ್ನೇ ಇರಬೇಕು. ಅಶ್ವಥ್ ಒಳ್ಳೆಯ ಸಂಯೋಜಕರಾಗಿದ್ದರಿಂದಲೇ ಅವರ ಹಾಡಿನಲ್ಲಿ ನಡುವೆ ಬಾಯಿ ಹಾಕಲು ಸಂದು ಉಳಿದಿಲ್ಲ.

ಎರಡನೆಯ ತಕರಾರು ಮೇಳದ ಮೇಲೆ. ನಾನು ಹೈಸ್ಕೂಲಿನಲ್ಲಿದ್ದಾಗಿನ ಒಂದು ಶ್ರಾವಣ. ಮೇಳದ ಹುಡುಗರು, ಅಂದರೆ ನಮ್ಮ ಅಣ್ಣಂದಿರ ವಯಸ್ಸಿನವರು, ಪಕ್ಕದ ಊರಿನ ಭಜನಾ ಸ್ಪರ್ಧೆಗೆ ಹೋಗಿ ಸೋತು ಬಂದರು. ಗೆದ್ದ ಮೇಳ ಕ್ಯಾಸೆಟ್ಟಿನ ಧಾಟಿಯಲ್ಲಿ ಹಾಡಿತ್ತಂತೆ. ಮರುವಾರ ಅಜ್ಜ ಮಾಳಿಗೆಯ ಪದ ಎತ್ತಿದ. ಸಾಲು ಮುಗಿಸಿ ಮೇಳಕ್ಕೆ ಬಿಟ್ಟ. ಹುಡುಗರು ಅದನ್ನು ಅಶ್ವಥ್ ಧಾಟಿಯಲ್ಲಿ ಎತ್ತಿಕೊಂಡರು. ಬೇಕಂತಲೇ ಮಾಡಿದರು ಅಂತ ನನಗೆ ಈಗಲೂ ಅನ್ನಿಸುವುದಿಲ್ಲ, ಬಾಯಿಗೆ ಬಂದದ್ದೇ ಅದು. ಅಜ್ಜ ಒಂದು ಕ್ಷಣ ನಿಂತ. ಆಮೇಲೆ ತಾಳ ಕೆಳಗಿಟ್ಟು 'ನೀವ ಹಾಡ್ರಪಾ' ಅಂದ. ಬೇರೆ ಪದ ಹಾಡಿದ, ಸಾಯುವವರೆಗೂ ಹಾಡಿದ. ಮಾಳಿಗೆಯದು ಮಾತ್ರ ಮತ್ತೆ ಎತ್ತಲಿಲ್ಲ. ಅವತ್ತು ಮೇಳದಲ್ಲಿ ಜೋರಾಗಿ ಹೊಸ ಧಾಟಿ ಹಾಡಿದವರಲ್ಲಿ ನಾನೂ ಒಬ್ಬ. ಇದನ್ನು ಇಲ್ಲಿಯವರೆಗೆ ಎಲ್ಲೂ ಬರೆದಿರಲಿಲ್ಲ.

ನಮ್ಮ ಸೀಮೆಯ ಮಾತು ದಕ್ಷಿಣಕ್ಕೆ ಹೋಗಿ ಸಿನಿಮಾದ ಧಾಟಿ ಹಾಕಿಕೊಂಡು ವಾಪಸ್ ಬಂದದ್ದು ಇದೇ ಮೊದಲಲ್ಲ. ಬೇಂದ್ರೆಯವರ 'ಬೆಳಗು' ತಗೊಳ್ಳಿ. 1967ರಲ್ಲಿ ಪುಟ್ಟಣ್ಣ ಕಣಗಾಲ್ 'ಬೆಳ್ಳಿಮೋಡ'ಕ್ಕೆ ಅದನ್ನು ಬಳಸಿದರು. ಸಂಗೀತ ವಿಜಯಭಾಸ್ಕರ್, ಹಾಡಿದ್ದು ಎಸ್. ಜಾನಕಿ. ಸಾಧನಕೇರಿಯ ಕವಿಯ ಬೆಳಗು ಮಲೆನಾಡಿನ ಕಥೆಯೊಳಗೆ ಹೋಗಿ ಕೂತಿತು. ಶಾಲೆಯಲ್ಲಿ ನಮ್ಮ ಮಾಸ್ತರರು ಈ ಕವಿತೆ ಓದಿಸಲೇ ಇಲ್ಲ, ಹಾಡಿಸಿಬಿಟ್ಟರು. ಇಡೀ ತರಗತಿಗೆ ಧಾಟಿ ಮೊದಲೇ ಗೊತ್ತಿತ್ತು. ಧ್ರುವದಿಂದ ಧ್ರುವಕ್ಕೆ ಹೋಗುವ ಇನ್ನೊಂದು ಬೇಂದ್ರೆ ಕವಿತೆ ಅದೇ ಪುಟ್ಟಣ್ಣ–ವಿಜಯಭಾಸ್ಕರ್ ಜೋಡಿಯ 'ಶರಪಂಜರ'ದಲ್ಲಿ ಬಂತು. ವಿಜಯಭಾಸ್ಕರ್ ಬಗ್ಗೆ ಬೇರೆಯೇ ಬರೆಯಬೇಕು. ಅಡೂರು ಗೋಪಾಲಕೃಷ್ಣನ್ 'ಮದಿಲುಗಳ್', 'ವಿಧೇಯನ್' ಚಿತ್ರಗಳಿಗೆ ಕರೆದದ್ದು ಇದೇ ಮನುಷ್ಯನನ್ನು ಅಂದರೆ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಬೇಂದ್ರೆ ಕವಿತೆಗೆ ಒಂದು ಅನುಕೂಲ ಇತ್ತು. ಅದು ಪುಸ್ತಕದ ಕವಿತೆ. ಹಾಡು ಬಂದದ್ದರಿಂದ ಯಾರ ಗಂಟಲಿನ ಧಾಟಿಯೂ ಅಳಿಸಿ ಹೋಗಲಿಲ್ಲ. ಬೇಂದ್ರೆಯವರು ತಾವೇ ಹಾಡಿದಂತೆ ಓದುತ್ತಿದ್ದರಲ್ಲ, ಅದನ್ನು ಕೇಳಿದವರು ಮಾತ್ರ ಬೇರೆ ಹೇಳಬಹುದು.

1966ರ 'ಸಂಧ್ಯಾರಾಗ' ಇದರ ಉಲ್ಟಾ. ಅನಕೃ ಕಾದಂಬರಿ, ರಾಜ್‌ಕುಮಾರ್ ನಾಯಕ, ಜಿ.ಕೆ. ವೆಂಕಟೇಶ್ ಸಂಗೀತ. ಅವರು ಭೀಮಸೇನ ಜೋಶಿಯವರನ್ನೇ ಕರೆದು ಹಾಡಿಸಿದರು. ಮಾತು ಅಲ್ಲಿಯದು, ಗಂಟಲು ಕುಂದಗೋಳದಲ್ಲಿ ಹದವಾದದ್ದು. ಮುಂದೆ ಇಳಯರಾಜಾ ಆಗುವ ಹುಡುಗ ಕೆಲಸ ಕಲಿತದ್ದು ಇದೇ ಜಿ.ಕೆ. ವೆಂಕಟೇಶ್ ಹತ್ತಿರ, ಬಹಳಷ್ಟು ಕನ್ನಡ ಚಿತ್ರಗಳಲ್ಲಿ.

ಮಾತು, ಧಾಟಿ ಎರಡನ್ನೂ ಉತ್ತರದಿಂದಲೇ ಹೊತ್ತುಕೊಂಡು ಹೋದವರು ಚಂದ್ರಶೇಖರ ಕಂಬಾರರು. 'ಕಾಡು ಕುದುರೆ'ಗೆ ಕಥೆ, ನಿರ್ದೇಶನ, ಸಂಗೀತ ಮೂರೂ ಅವರದೇ. ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ ಕೇಳಿ ಬೆಳೆದದ್ದನ್ನೇ ಹಾಡಿಸಿದರು. ಆ ಹಾಡಿಗೇ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂತು, ಹಿನ್ನೆಲೆ ಗಾಯನಕ್ಕೆ ಅದನ್ನು ಪಡೆದ ಮೊದಲ ಕನ್ನಡಿಗ. ಅಂದರೆ ಹಳ್ಳಿಯ ಧಾಟಿ ಸಿನಿಮಾಕ್ಕೆ ಒಗ್ಗುವುದಿಲ್ಲ ಅನ್ನುವ ಹಾಗಿಲ್ಲ. ಇನ್ನು 1997ರ 'ನಾಗಮಂಡಲ'. ಹುಬ್ಬಳ್ಳಿ-ಧಾರವಾಡದ ಪತ್ರಿಕೆ, ರಂಗಭೂಮಿ ಎರಡರಲ್ಲೂ ದುಡಿದ ಗೋಪಾಲ ವಾಜಪೇಯಿ ನಮ್ಮ ಆಡುಮಾತಿನಲ್ಲೇ ಹಾಡು ಬರೆದರು, ಸಂಗೀತ ಮತ್ತೆ ಅಶ್ವಥ್. ಧಾರವಾಡದ ಸಂಗೀತಾ ಕಟ್ಟಿಯವರ ದನಿ. ಇದನ್ನು ಅಜ್ಜ ತಕರಾರಿಲ್ಲದೆ ಕೇಳಿದ. ಯಾಕಂದರೆ ಅವಕ್ಕೆ ಅವನ ಬಳಿ ಬೇರೆ ಧಾಟಿ ಇರಲಿಲ್ಲ.

ಅಜ್ಜ ತೀರಿಕೊಂಡದ್ದು ನಾನು ಬಿಇ ಎರಡನೇ ವರ್ಷದಲ್ಲಿದ್ದಾಗ. ಅಶ್ವಥ್ ಹೋದದ್ದು 2009ರ ಡಿಸೆಂಬರ್ 29, ಅವರ ಎಪ್ಪತ್ತನೇ ಹುಟ್ಟುಹಬ್ಬದ ದಿನವೇ. ಅವತ್ತು ಪಿ.ಜಿ. ರೂಮಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಅತ್ತೆ. ಅಜ್ಜ ಹೋದಾಗ ಅಷ್ಟು ಅತ್ತಿರಲಿಲ್ಲ. ಮರುದಿನ ಅದು ನೆನಪಾಗಿ ನನಗೇ ನಾಚಿಕೆ ಆಯಿತು.

2020ರಲ್ಲಿ ಲಾಕ್‌ಡೌನ್ ಆಗಿ ಊರಿಗೆ ಹೋದೆ. ಮಣ್ಣಿನ ಮಾಳಿಗೆ ಹೋಗಿ ಆರ್‌ಸಿಸಿ ಆಗಿತ್ತು. ನೆಟ್‌ವರ್ಕ್ ಸಿಗುತ್ತಿದ್ದುದು ಅದರ ಮೇಲೆ ಹತ್ತಿದರೆ ಮಾತ್ರ. ಸಂಜೆ ಕಾಲ್ ಮುಗಿಸಿ ಅಲ್ಲೇ ಕೂತಿದ್ದಾಗ ಅಜ್ಜನ ಧಾಟಿ ಗುನುಗಲು ನೋಡಿದೆ. ಮೊದಲ ಎರಡು ಮಾತು ಬರುತ್ತವೆ, ಮೂರನೆಯದಕ್ಕೆ ಅಶ್ವಥ್ ಬಂದುಬಿಡುತ್ತಾರೆ. ವಾರಗಟ್ಟಲೆ ಹೀಗೇ ಆಯಿತು.

ಅಜ್ಜನ ಮೇಳದಲ್ಲಿ ಡಗ್ಗಾ ಬಾರಿಸುತ್ತಿದ್ದ ಕಾಕಾ ಒಬ್ಬರು ಇನ್ನೂ ಇದ್ದರು, ಎಂಬತ್ತು ದಾಟಿತ್ತು. ಮಾಸ್ಕ್ ಹಾಕಿಕೊಂಡು, ಕಟ್ಟೆಯ ಆ ತುದಿಗೆ ಅವರು, ಈ ತುದಿಗೆ ನಾನು, ನಡುವೆ ಮೊಬೈಲು. 'ಕಾಕಾ, ಮಾಳಿಗೆ ಪದ, ಅಜ್ಜನ ಧಾಟಿ' ಅಂದೆ. ಶುರು ಮಾಡಿದರು. ಅಶ್ವಥ್ ಧಾಟಿ. 'ಇದಲ್ಲ ಕಾಕಾ, ಹಳೇದು.' ಕಣ್ಣು ಮುಚ್ಚಿ ಬಹಳ ಹೊತ್ತು ಕೂತರು. ಕೈ ಮಾತ್ರ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಆ ತಾಳ ಹಳೆಯದೇ, ಅದು ನನಗೂ ಗೊತ್ತಾಯಿತು. ಬಾಯಿ ಬರಲಿಲ್ಲ. 'ಇಲ್ಲೇ ಐತಿ ತಮ್ಮಾ, ಹೊರಗ ಬರವಲ್ದು' ಅಂದರು.

ಆಮೇಲೆ ತಾವೇ ಮುದುಕಿಯ ಪದ ಎತ್ತಿದರು, ಅಜ್ಜನ ಧಾಟಿಯಲ್ಲೇ. ಪೂರ್ತಿ ಬಂತು. ನನಗೆ ಮೈ ಜುಮ್ಮೆಂದಿತು. 'ಇದು ಶರೀಫಜ್ಜನ ಕಾಲದ್ದೇ ಇರಬೇಕಲ್ಲ ಕಾಕಾ?' ಅಂತ ಕೇಳಿದೆ. ಕಾಕಾ ನಕ್ಕುಬಿಟ್ಟರು. 'ಎಲ್ಲೀದು! ನಾವು ಸಣ್ಣವರಿದ್ದಾಗ ಹುಬ್ಬಳ್ಳಿಗೆ ನಾಟಕ ನೋಡಾಕ ಹೋಗಿದ್ವಿ, ಕಂಪನಿ ನಾಟಕ. ಅದರಾಗಿನ ಒಂದು ಹಾಡಿನ ಧಾಟಿ ನಿಮ್ಮಜ್ಜಗ ಭಾಳ ಹಿಡಿಸ್ತು. ಬರೋ ದಾರ್‍ಯಾಗ ಚಕ್ಕಡಿಯೊಳಗ ಕುಂತು ಈ ಪದಕ್ಕ ಹೊಂದಿಸಿದ. ಅದಕ್ಕೂ ಮೊದಲಿನ ಧಾಟಿ ಬ್ಯಾರೆ ಇತ್ತು. ಹಿರ್‍ಯಾರು ಬೈದ್ರು ಅಂವಗ.'

ಏನು ಹೇಳಬೇಕೋ ತಿಳಿಯಲಿಲ್ಲ. ಅಜ್ಜನಿಗೂ ಒಂದು ಸಲ ಹಿರಿಯರು ಬೈದಿದ್ದರು! ಅವನು ನನಗೆ ಅದನ್ನು ಒಮ್ಮೆಯೂ ಹೇಳಿರಲಿಲ್ಲ. ಹಾಗಂತ ಅಜ್ಜನೂ ಅಶ್ವಥ್ ಇಬ್ಬರೂ ಒಂದೇ ಕೆಲಸ ಮಾಡಿದರು ಅಂತ ನಾನು ಹೇಳಲಾರೆ. ಚಕ್ಕಡಿಯಲ್ಲಿ ಹೊಂದಿಸಿದ ಧಾಟಿ ಒಂದು ಊರಿನದು. ಪಕ್ಕದ ಊರಿನಲ್ಲಿ ಅದೇ ಪದಕ್ಕೆ ಇನ್ನೊಂದು ಧಾಟಿ ಇದ್ದೇ ಇರ್ತಿತ್ತು. ಕ್ಯಾಸೆಟ್ಟು ಬಂದ ಮೇಲೆ ಬೀದರಿನಿಂದ ಚಾಮರಾಜನಗರದ ತನಕ ಒಂದೇ. ಆದರೆ ಕಾಕಾ ಇನ್ನೂ ಒಂದು ಮಾತು ಹೇಳಿದರು, ಅದನ್ನೂ ಬರೆಯಬೇಕು. ಶರೀಫರ ನೂರಾರು ಪದಗಳಲ್ಲಿ ಸಿನಿಮಾಕ್ಕೆ, ಕ್ಯಾಸೆಟ್ಟಿಗೆ ಬಂದವು ಕೆಲವೇ. ಈಗ ನಮ್ಮೂರ ಹುಡುಗರು ಹಾಡುವುದು ಆ ಕೆಲವನ್ನು ಮಾತ್ರ. ಮಿಕ್ಕವಕ್ಕೆ ಹಳೆಯ ಧಾಟಿ ಹಾಗೇ ಇದೆ, ಯಾರೂ ಮುಟ್ಟಿಲ್ಲ. ಅವನ್ನು ಎತ್ತುವವರೂ ಯಾರೂ ಇಲ್ಲ.

ಅವತ್ತಿನಿಂದ ಎರಡು ವಾರ ದಿನಾ ಸಂಜೆ ಹೋದೆ. ಹದಿನಾರು ರೆಕಾರ್ಡಿಂಗ್ ಆದವು. ಹಿಂದೆ ಎಮ್ಮೆ ಒದರೋದು, ಕುಕ್ಕರ್ ಸೀಟಿ, ಕಾಕಾನ ಕೆಮ್ಮು ಎಲ್ಲ ಇದೆ. ನಡುನಡುವೆ ಅವರು ನಿಲ್ಲಿಸಿ ಅರ್ಥ ಹೇಳುತ್ತಾರೆ, ಒಂದು ಕಡೆ ನನ್ನ ಸಂಬಳ ಎಷ್ಟು ಅಂತಲೂ ಕೇಳುತ್ತಾರೆ. ಅತಿ ಉದ್ದದ್ದು 34 ನಿಮಿಷ. ಮಾಳಿಗೆಯ ಪದ ಅದರಲ್ಲಿಲ್ಲ. ಗುಡಗೇರಿ ಕಡೆ ಒಬ್ಬರಿಗೆ ಬರುತ್ತದೆ, ಅವರೂ ನಿಮ್ಮಜ್ಜನ ಜೊತೆ ಒಂದು ಶ್ರಾವಣ ಹಾಡಿದ್ದಾರೆ ಅಂತ ಕಾಕಾ ಹೇಳಿದ್ದರು. ಆಮೇಲೆ ಆಫೀಸು ಕರೆಯಿತು, ಬೆಂಗಳೂರಿಗೆ ಬಂದೆ. ಗುಡಗೇರಿಗೆ ಇನ್ನೂ ಹೋಗಿಲ್ಲ. ಈ ಶ್ರಾವಣಕ್ಕೆ ರಜೆ ಹಾಕಿದ್ದೇನೆ.